ಎಳ್ಳಿಗೇ ಎಳ್ಳುನೀರು

ಪುಷ್ಯ ಮಾಸ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಯಾವ ಊರಿನ ಶೇಂಗಾ ಒಳ್ಳೆಯದು, ಯಾವ ಗಾಣ ನಂಬಬಹುದು ಎಂದು ವರ್ಷವೆಲ್ಲ ಕೇಳುವವರು ಈಗ ಎಳ್ಳು ತಿನ್ನಬಹುದೇ ಎಂದು ಕೇಳುತ್ತಾರೆ. ಒಬ್ಬರಿಗೆ ಉಷ್ಣದ ಭಯ, ಇನ್ನೊಬ್ಬರಿಗೆ ಕೊಲೆಸ್ಟರಾಲ್ ಭಯ. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ಅಮೆರಿಕದಲ್ಲಿರುವ ಮಗಳು ‘ಬೀಜದ ಎಣ್ಣೆ ಯಾವುದನ್ನೂ ಮುಟ್ಟಬೇಡಮ್ಮ’ ಎಂದಿದ್ದಾಳೆ, ಅದಕ್ಕೆ ಎಳ್ಳೆಣ್ಣೆ ಡಬ್ಬಿಯನ್ನು ದೇವರ ಮನೆಗೆ ಎತ್ತಿಟ್ಟೆ, ಸರಿ ಮಾಡಿದೆನೇ ಎಂದು ಹಾಸನದ ಕಡೆಯ ಓದುಗರೊಬ್ಬರು ಕೇಳಿದ್ದಾರೆ. ಡಬ್ಬಿಯನ್ನು ಮತ್ತೆ ಒಲೆಯ ಪಕ್ಕಕ್ಕೆ ತನ್ನಿ ತಾಯಿ. ಯಾಕೆಂದು ಹೇಳುತ್ತೇನೆ.

ಉಷ್ಣದ ಮಾತನ್ನು ನಾನು ಮೂಢನಂಬಿಕೆ ಎಂದು ತಳ್ಳಿಹಾಕುವವನಲ್ಲ. ಎಳ್ಳು ಉಷ್ಣ ಎಂದ ಹಿರಿಯರೇ ಹುಡುಗಿ ಮೈನೆರೆದಾಗ ಚಿಗಳಿ ಕುಟ್ಟಿ ತಿನ್ನಿಸಿದರು, ಚಳಿಯಲ್ಲಿ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬಡಿದರು, ನರಕ ಚತುರ್ದಶಿಯ ನಸುಕಿನಲ್ಲಿ ನೆತ್ತಿಗೆ ಎಣ್ಣೆ ತಟ್ಟಿದರು. ಯಾವ ಕಾಲಕ್ಕೆ, ಯಾವ ಮೈಗೆ, ಎಷ್ಟು ಎಂಬ ಲೆಕ್ಕ ಅವರಿಗಿತ್ತು. ಆ ಲೆಕ್ಕ ಮರೆತು ‘ಉಷ್ಣ’ ಎಂಬ ಒಂದು ಪದವನ್ನು ಮಾತ್ರ ಉಳಿಸಿಕೊಂಡು, ಬಸುರಿಯಿಂದ ಹಿಡಿದು ಹಲ್ಲು ಬಿದ್ದ ಅಜ್ಜನವರೆಗೆ ಎಲ್ಲರಿಗೂ ಬೇಡ ಎನ್ನುತ್ತಿರುವವರು ನಾವು.

ಲೆಕ್ಕ ನೋಡಬೇಕೆಂದರೆ ಚರಕಸಂಹಿತೆಯ ಸೂತ್ರಸ್ಥಾನಕ್ಕೆ ಹೋಗಬೇಕು. ಹದಿಮೂರನೆಯ ಅಧ್ಯಾಯ, ಸ್ನೇಹಾಧ್ಯಾಯ; ಸ್ನೇಹವೆಂದರೆ ಇಲ್ಲಿ ಜಿಡ್ಡು. ಈ ಅಧ್ಯಾಯದ ಮೇಲೆ ನನಗಿರುವ ಪ್ರೀತಿ ಹಳೆಯ ಓದುಗರಿಗೆ ಗೊತ್ತು. ಜಿಡ್ಡಿನ ವಿಷಯದಲ್ಲಿ ಇಷ್ಟು ವಿವೇಕದಿಂದ ಮಾತಾಡಿದ ಬರಹವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊದಲು ಎಣ್ಣೆ ಕೊಡುವ ಗಿಡಮರಗಳ ಪಟ್ಟಿ ಬರುತ್ತದೆ: ಎಳ್ಳು, ಹರಳು, ಹಿಪ್ಪೆ, ಸಾಸಿವೆ, ಕುಸುಬೆ, ಅಗಸೆ, ಹೊಂಗೆ, ನುಗ್ಗೆ, ಇನ್ನೂ ಹಲವು. ಪಟ್ಟಿ ಆರಂಭವಾಗುವುದೇ ಎಳ್ಳಿನಿಂದ. ಬಲಕ್ಕೂ ಮೈಗೆ ಜಿಡ್ಡು ಹಿಡಿಸುವುದಕ್ಕೂ ಎಳ್ಳೆಣ್ಣೆ ಎಲ್ಲ ಎಣ್ಣೆಗಳಿಗಿಂತ ಮೇಲು, ಭೇದಿಗೆ ಹರಳೆಣ್ಣೆ ಮೇಲು ಎಂದು ತೀರ್ಪು ಕೊಟ್ಟ ಮೇಲೆ ಚರಕ ಅಲ್ಲಿಗೇ ನಿಲ್ಲುವುದಿಲ್ಲ. ತುಪ್ಪಕ್ಕೆ ಶರದೃತು, ಎಣ್ಣೆಗೆ ಮಳೆಗಾಲದ ಮೊದಲ ದಿನಗಳು ಎಂದು ಕಾಲ ಗೊತ್ತುಮಾಡುತ್ತಾನೆ. ಅತಿ ಸೆಕೆಯಲ್ಲೂ ಅತಿ ಚಳಿಯಲ್ಲೂ ಬೇಡ ಎನ್ನುತ್ತಾನೆ. ಕಫ ಮತ್ತು ಮೇದಸ್ಸು ಹೆಚ್ಚಿದವರು, ಹೊಟ್ಟೆ ಜೋತುಬಿದ್ದವರು, ವಾತದ ಬೇನೆಯವರು, ಮಲಬದ್ಧತೆಯವರು ತಂಪಿನ ಕಾಲದಲ್ಲಿ ಎಣ್ಣೆ ಕುಡಿಯಬೇಕು ಎಂದು ಜನರನ್ನು ವಿಂಗಡಿಸುತ್ತಾನೆ. ಆ ಸಾಲಿನ ಕೊನೆಯಲ್ಲಿ ಮತ್ತೊಂದು ಗುಂಪನ್ನು ಸೇರಿಸುತ್ತಾನೆ: ಎಣ್ಣೆಯನ್ನು ಮೊದಲಿನಿಂದ ರೂಢಿಸಿಕೊಂಡವರು. ಹುಟ್ಟಿದಾರಭ್ಯ ಒಂದು ಎಣ್ಣೆ ಉಂಡು ಬೆಳೆದ ಮೈಗೆ ಅದೇ ಎಣ್ಣೆ ಹೊಂದುತ್ತದೆ ಎಂಬುದನ್ನು ವೈದ್ಯಶಾಸ್ತ್ರದ ಒಳಗೇ ಒಪ್ಪಿದ ಮಾತು ಇದು.

ಬಸುರಿಯರ ಮಾತೂ ಇದೇ ಅಧ್ಯಾಯದಲ್ಲಿದೆ. ಸ್ನೇಹಪಾನ ಯಾರಿಗೆ ಕೂಡದು ಎಂಬ ಪಟ್ಟಿಯಲ್ಲಿ ಗರ್ಭಿಣಿ ಇದ್ದಾಳೆ. ಆದರೆ ಅದು ಚಿಕಿತ್ಸೆಗೆಂದು ಪ್ರಮಾಣ ಕಟ್ಟಿ ಜಿಡ್ಡು ಕುಡಿಸುವ ಕ್ರಮದ ಬಗ್ಗೆ ಹೇಳಿದ್ದು, ಮತ್ತು ಅಲ್ಲಿ ತುಪ್ಪಕ್ಕೂ ಅದೇ ನಿಷೇಧ. ಪುಳಿಯೋಗರೆ ಗೊಜ್ಜಿನ ಎಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ಆಹಾರದ ಪ್ರಮಾಣದಲ್ಲಿ ತಿಂದ ಎಳ್ಳು ಗರ್ಭಕ್ಕೆ ಕೇಡು ಮಾಡುತ್ತದೆ ಎನ್ನಲು ಇಂದಿನ ವೈದ್ಯದಲ್ಲೂ ಗಟ್ಟಿ ಪುರಾವೆ ಇಲ್ಲ. ಇನ್ನು ಎಣ್ಣೆಯ ಹೊಗಳಿಕೆಗೆ ಬಂದರೆ, ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಚರಕ ಹಿಂದಿನ ದೈತ್ಯರಾಜರನ್ನು ನೆನೆಯುತ್ತಾನೆ. ಅವರು ಮುಪ್ಪು ಕಾಣದೆ, ದಣಿವು ಅರಿಯದೆ ಯುದ್ಧದಲ್ಲಿ ಬಲಶಾಲಿಗಳಾಗಿದ್ದದ್ದು ಎಣ್ಣೆಯ ಬಳಕೆಯಿಂದಂತೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನೂ ಮಾನಸೋಲ್ಲಾಸದಲ್ಲಿ ಅಭ್ಯಂಜನಕ್ಕೆ ಹೂವಿನ ಪರಿಮಳ ಹಿಡಿಸಿದ ಎಳ್ಳೆಣ್ಣೆಯನ್ನೇ ಹೇಳುತ್ತಾನೆ.

ಇನ್ನು ಕೊಲೆಸ್ಟರಾಲ್. ಇಲ್ಲಿ ನನಗೊಂದು ಹಳೆಯ ಬಾಕಿ ತೀರಿಸುವುದಿದೆ. ನಮ್ಮ ಅಡುಗೆಮನೆಗಳಿಂದ ಎಳ್ಳೆಣ್ಣೆ, ಶೇಂಗಾ ಎಣ್ಣೆ, ಕುಸುಬೆ, ಹುಚ್ಚೆಳ್ಳು ನಾಲ್ಕನ್ನೂ ಹೊರಗೆ ಅಟ್ಟಿದ್ದು ರಿಫೈನ್ಡ್ ಎಣ್ಣೆಯ ಜಾಹೀರಾತು. ‘ಕೊಲೆಸ್ಟರಾಲ್ ಇಲ್ಲ’ ಎಂದು ಡಬ್ಬಿಯ ಮೇಲೆ ಹೃದಯದ ಚಿತ್ರ ಬರೆದು ಮಾರಿದರು. ಗಿಡದಿಂದ ಬರುವ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಗಾಣಿಗರ ಎಣ್ಣೆಯಲ್ಲೂ ಇರಲಿಲ್ಲ. ಆದರೆ ಗಾಣಿಗರಿಗೆ ಜಾಹೀರಾತು ಕೊಡಲು ಹಣವಿರಲಿಲ್ಲ. ವಾಸನೆ ಇಲ್ಲದ್ದು, ಬಣ್ಣ ಇಲ್ಲದ್ದು, ಹಗುರವಾದದ್ದು ಎಂದು ಹೊಗಳಿದ ಆ ಎಣ್ಣೆಯಲ್ಲೂ ಗ್ರಾಮಿಗೆ 9 ಕ್ಯಾಲೊರಿ, ಎಳ್ಳೆಣ್ಣೆಯಲ್ಲೂ ಗ್ರಾಮಿಗೆ 9 ಕ್ಯಾಲೊರಿ. ಮೂಗಿಗೆ ಬಡಿಯದ ಎಣ್ಣೆಯನ್ನು ಕೈ ಅಳತೆಯಿಲ್ಲದೆ ಸುರಿಯುತ್ತದೆ. ಎಳ್ಳೆಣ್ಣೆ ಎರಡು ಚಮಚಕ್ಕೇ ಇಡೀ ಗೊಜ್ಜನ್ನು ಆಳುವುದರಿಂದ ಸುರಿಯುವವರ ಕೈ ತಾನೇ ತಡೆಯುತ್ತದೆ.

ಈಗ ಗಾಳಿ ಅತ್ತಲಿಂದ ಇತ್ತ ತಿರುಗಿದೆ. ಅಂದು ತುಪ್ಪ ಬಿಡಿಸಿ ಬೀಜದ ಎಣ್ಣೆ ಹಿಡಿಸಿದ ನಾಡಿನಿಂದಲೇ ಬೀಜದ ಎಣ್ಣೆಯೆಲ್ಲ ವಿಷ ಎಂಬ ಪಂಥ ಹೊರಟಿದೆ. ಲಿನೋಲಿಯಿಕ್ ಆಮ್ಲ ಇರುವುದೆಲ್ಲ ಉರಿಯೂತ ತರುತ್ತದೆ ಎಂಬುದು ಅವರ ವಾದ. ಅವರು ಎತ್ತಿ ತೋರಿಸುವ ಪ್ರಯೋಗಗಳಲ್ಲಿ ಒಂದು ನಮ್ಮ ಕುಸುಬೆಗೆ ಸಂಬಂಧಿಸಿದ್ದು. 1966ರಿಂದ 1973ರವರೆಗೆ ಸಿಡ್ನಿಯಲ್ಲಿ, ಹೃದಯದ ತೊಂದರೆಯಿಂದ ಆಗಷ್ಟೇ ಪಾರಾದ 458 ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಬೆಣ್ಣೆ ಮುಂತಾದ ಕೊಬ್ಬಿನ ಬದಲು ಕುಸುಬೆ ಎಣ್ಣೆ ಮತ್ತು ಅದರಿಂದ ಮಾಡಿದ ಮಾರ್ಗರಿನ್ ಕೊಟ್ಟರು. ಹಳೆಯ ದಾಖಲೆಗಳನ್ನು ಹುಡುಕಿ ತೆಗೆದು 2013ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ಕುಸುಬೆ ತಿಂದ ಗುಂಪಿನಲ್ಲಿ ಸಾವು ಹೆಚ್ಚಾಗಿದ್ದು ಕಂಡಿತು: ಶೇ. 17.6, ಇನ್ನೊಂದರಲ್ಲಿ ಶೇ. 11.8. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅದು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲವೇ ಇರುವ ಒಂದು ಎಣ್ಣೆಯನ್ನು, ಬಹಳ ಹೆಚ್ಚಿನ ಪ್ರಮಾಣದಲ್ಲಿ, ಕಾಯಿಲೆಯವರಿಗೆ ಕೊಟ್ಟು ನೋಡಿದ್ದು. ಆ ಮಾರ್ಗರಿನ್‌ನಲ್ಲಿ ಟ್ರಾನ್ಸ್ ಕೊಬ್ಬು ಇದ್ದಿರಬಹುದೆಂಬ ಆಕ್ಷೇಪವೂ ಇದೆ. ಉಳಿದ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಅಮೆರಿಕದ ಹೃದಯ ಸಂಘ 2017ರಲ್ಲಿ ಬೀಜದ ಎಣ್ಣೆಗಳ ಪರವಾಗಿಯೇ ಸಲಹೆ ಕೊಟ್ಟಿತು. ಎಳ್ಳೆಣ್ಣೆಯಲ್ಲಂತೂ ಲಿನೋಲಿಯಿಕ್ ಮತ್ತು ಓಲಿಯಿಕ್ ಆಮ್ಲಗಳು ಹೆಚ್ಚು ಕಡಿಮೆ ಸಮಸಮ, ತಲಾ ಶೇ. 40ರ ಆಸುಪಾಸು. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಬದಲಾಯಿಸಿ ಬಳಸಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಹೇಳುತ್ತಿರುವುದು ನನಗೆ ಈ ಎರಡೂ ಪಂಥಗಳಿಗಿಂತ ಹೆಚ್ಚು ಒಪ್ಪಿಗೆ.

ಬಿಡಲೇಬೇಕಾದ ಎಣ್ಣೆ ಯಾವುದೆಂದು ಕೇಳಿದರೆ ಬೇರೆ ಉತ್ತರವಿದೆ: ಬೆಳಿಗ್ಗೆ ಬೋಂಡಾಕ್ಕೆ ಕಾದು, ಸಂಜೆ ಬಜ್ಜಿಗೆ ಕಾದು, ಮರುದಿನ ಮತ್ತೆ ಬಾಣಲೆಗೆ ಬಿದ್ದ ಎಣ್ಣೆ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ. 25 ದಾಟಿದರೆ ಅದನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಬೀಜದ ಜಾತಿ ಹುಡುಕುವ ಉತ್ಸಾಹದಲ್ಲಿ ಕಾಲು ಭಾಗವಾದರೂ ಈ ಬಾಣಲೆಯತ್ತ ಹರಿಯಬೇಕು.

ಎಳ್ಳೆಣ್ಣೆ ಬೇಗ ಕಮಟುವುದಿಲ್ಲ ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತಿರುವ ಮಾತು. ಸೆಸಮಿನ್, ಸೆಸಮೋಲಿನ್ ಎಂಬ ಅದರದೇ ಕಾವಲು ವಸ್ತುಗಳು ಅದರಲ್ಲಿವೆ, ಎಳ್ಳು ಹುರಿದಾಗ ಸೆಸಮೋಲಿನ್ ಒಡೆದು ಸೆಸಮಾಲ್ ಹುಟ್ಟುತ್ತದೆ. ಈ ಸೆಸಮಾಲ್ ಹೆಸರು ಬರೆಯುತ್ತಿದ್ದಂತೆ ನನಗೆ ಹೇಳಬೇಕಾದ ನಿಜವಾದ ಕಥೆ ನೆನಪಾಯಿತು. ಇಂದಿನ ಜಾಗವನ್ನು ಅದಕ್ಕೇ ಕೊಡುತ್ತೇನೆ.

1937ರಲ್ಲಿ ಡಾಲ್ಡಾ ಬಂತು. ಗಿಡದ ಎಣ್ಣೆಗೆ ನಿಕಲ್ ಜೊತೆ ಜಲಜನಕ ಹಾಯಿಸಿ ಗಟ್ಟಿ ಮಾಡಿದರೆ ತುಪ್ಪದಂತೆ ಹರಳುಗಟ್ಟುವ ವನಸ್ಪತಿ. ಗಾಂಧೀಜಿ ಅದನ್ನು ಕಟುವಾಗಿ ವಿರೋಧಿಸಿದರು. ಬೆಲೆ ಕಡಿಮೆ, ನೋಟ ತುಪ್ಪದ್ದೇ, ಹಾಗಾಗಿ ಅದು ನೇರವಾಗಿ ತುಪ್ಪದ ಡಬ್ಬಿಗೇ ಇಳಿಯಿತು. ನಾಲಿಗೆಗೂ ಕಣ್ಣಿಗೂ ವ್ಯತ್ಯಾಸ ಸಿಗದ ಕಲಬೆರಕೆ. ಸ್ವಾತಂತ್ರ್ಯ ಬಂದ ಮೇಲೆ ನಿಷೇಧಿಸಿ ಎಂದು ಕೆಲವರು, ಬಣ್ಣ ಹಾಕಿ ಮಾರಿಸಿ ಎಂದು ಕೆಲವರು ಪಟ್ಟು ಹಿಡಿದರು. ಸುಲಭವಾಗಿ ತೆಗೆಯಲಾಗದ, ಮೈಗೆ ಕೆಡುಕಿಲ್ಲದ ಬಣ್ಣ ಸಿಗಲಿಲ್ಲ.

ಕೊನೆಗೆ ಕೈಹಿಡಿದದ್ದು ಎಳ್ಳೆಣ್ಣೆ. ಮಾರುಕಟ್ಟೆಗೆ ಬರುವ ವನಸ್ಪತಿಯಲ್ಲಿ ತೂಕದ ಶೇ. 5ಕ್ಕೆ ಕಡಿಮೆಯಿಲ್ಲದಂತೆ ಎಳ್ಳೆಣ್ಣೆ ಇರಲೇಬೇಕು ಎಂದು ಕಾನೂನು ಬಂತು. ರುಚಿಗಲ್ಲ, ಪುಷ್ಟಿಗಲ್ಲ, ಸಾಕ್ಷಿಗೆ. ಅನುಮಾನದ ತುಪ್ಪ ಕರಗಿಸಿ, ಗಾಢ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಎರಡು ಹನಿ ಫರ್ಫ್ಯುರಾಲನ್ನೂ ಬೆರೆಸಿ ಕುಲುಕಿದರೆ, ಎಳ್ಳೆಣ್ಣೆಯ ಸೆಸಮಾಲ್ ಆಮ್ಲದ ಪದರಕ್ಕೆ ಕಡುಗೆಂಪು ಬಣ್ಣ ತರುತ್ತದೆ. ಶುದ್ಧ ತುಪ್ಪ ತರುವುದಿಲ್ಲ. ಬೋದುಯಿನ್ ಪರೀಕ್ಷೆ ಎಂದು ಅದರ ಹೆಸರು. ಫರ್ಫ್ಯುರಾಲ್ ಇಲ್ಲದ ಕಡೆ ಒಂದು ಚಿಟಿಕೆ ಸಕ್ಕರೆ ಹಾಕಿ ಕಾಲೇಜು ಪ್ರಯೋಗಶಾಲೆಗಳಲ್ಲಿ ಇದನ್ನು ಮಾಡಿದ ಓದುಗರು ಇಲ್ಲಿ ಅನೇಕರಿದ್ದಾರೆ. ಬಣ್ಣ, ರುಚಿ, ವಾಸನೆ ಯಾವುದನ್ನೂ ಕೆಡಿಸದೆ ಒಳಗೆ ಕುಳಿತು, ಕೇಳಿದಾಗ ಮಾತ್ರ ಮಾತಾಡುವ ಗುರುತು ಬೇಕಿತ್ತು. ಅಂಥದ್ದು ನಮ್ಮ ಹೊಲದಲ್ಲೇ ಸಿಕ್ಕಿತು. ವನಸ್ಪತಿಯ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಎಷ್ಟು ಕೇಡೆಂದು ಜಗತ್ತಿಗೆ ತಿಳಿಯಲು ಆಮೇಲೆ ದಶಕಗಳು ಹಿಡಿದವು. ನಮ್ಮಲ್ಲಿ ಅದರ ಮಿತಿ ಶೇ. 2ಕ್ಕೆ ಇಳಿದದ್ದು 2022ರ ಜನವರಿಯಲ್ಲಿ. ಅಷ್ಟೂ ಕಾಲ ಬಡವರ ತುಪ್ಪದ ಡಬ್ಬಿ ಕಾದದ್ದು ಎಳ್ಳು. ಅದನ್ನೇ ಇಂದು ಅಪಾಯದ ಪಟ್ಟಿಗೆ ಸೇರಿಸುವುದನ್ನು ನಾನು ಒಪ್ಪಲಾರೆ.

ಎಳ್ಳೆಣ್ಣೆಗೇ ಈಗ ಕಾವಲು ಬೇಕಾಗಿದೆ. ಎಳ್ಳಿನ ಕಾಯಿ ಗಿಡದಲ್ಲೇ ಬಿರಿದು ಕಾಳು ಚೆಲ್ಲುತ್ತದೆ. ಪೂರ್ತಿ ಒಣಗುವ ಮುಂಚೆ ಕೊಯ್ದು, ನೆಟ್ಟಗೆ ಆನಿಸಿ ಒಣಗಿಸಿ, ತಲೆಕೆಳಗು ಮಾಡಿ ಕೊಡವಬೇಕು. ಎಲ್ಲ ಕೈಕೆಲಸ, ಹಾಗಾಗಿ ಬೆಲೆ ಹೆಚ್ಚು, ಬೆಲೆ ಹೆಚ್ಚಾದಲ್ಲಿ ಬೆರಕೆಯೂ ಹೆಚ್ಚು. ದೀಪದ ಎಣ್ಣೆ ಎಂದು ಮಾರುವ ಸೀಸೆಯನ್ನು ಅಡುಗೆಗೆ ತರಬೇಡಿ. ಅಗ್ಗದ ಬೇರೆ ಎಣ್ಣೆಗಳನ್ನು ಬೆರೆಸಿದ್ದು ಅದು, ತಿನ್ನಲು ಅಲ್ಲ ಎಂದು ಸಣ್ಣ ಅಕ್ಷರದಲ್ಲಿ ಅದರ ಮೇಲೇ ಬರೆದಿರುತ್ತದೆ. 2020ರ ಸೆಪ್ಟೆಂಬರಿನಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಸಿಕ್ಕಿತೆಂದು ಬೆಲ್ಜಿಯಂ ಎಚ್ಚರಿಸಿ ಯುರೋಪಿನಾದ್ಯಂತ ಸರಕು ವಾಪಸಾದಾಗಲೂ ತಪ್ಪು ಎಳ್ಳಿನದ್ದಾಗಿರಲಿಲ್ಲ. ಸಾಲ್ಮೊನೆಲ್ಲಾ ಕೊಲ್ಲಲೆಂದು ಹಾಯಿಸಿದ, ಕ್ಯಾನ್ಸರ್ ತರುವ ಅನಿಲ ಅದು.

ಇಷ್ಟೆಲ್ಲ ಎಳ್ಳಿನ ಪರ ವಾದಿಸಿದ ಮೇಲೆ, ಎಳ್ಳನ್ನು ಮಿತಿಯಲ್ಲಿ ತಿನ್ನಬೇಕಾದವರ, ಪೂರ್ತಿ ಬಿಡಲೇಬೇಕಾದವರ ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವವರು ಸಿಪ್ಪೆಸಹಿತದ ಎಳ್ಳಿನಲ್ಲಿ ಆಕ್ಸಲೇಟ್ ಹೆಚ್ಚೆಂದು ವೈದ್ಯರನ್ನು ಕೇಳಿ ಮಿತಿಯಲ್ಲಿ ತಿನ್ನಬೇಕು. ಅದೇ ಸಿಪ್ಪೆಯಲ್ಲಿ ಸುಣ್ಣದಂಶವೂ ಇದೆ, ಆದರೆ ಆಕ್ಸಲೇಟಿಗೆ ಅಂಟಿದ ಆ ಸುಣ್ಣ ಮೈಗೆ ಹತ್ತುವುದು ಕಡಿಮೆ. ಹೆಚ್ಚು ಗಂಭೀರವಾದದ್ದು ಅಲರ್ಜಿ. ಕೆಲವರಿಗೆ ಒಂದು ಚಿಟಿಕೆ ಎಳ್ಳು ತಾಗಿದರೆ ತುಟಿ ಊದುತ್ತದೆ, ಮೈಯೆಲ್ಲ ದದ್ದು ಏಳುತ್ತದೆ, ಉಸಿರು ಕಟ್ಟುತ್ತದೆ. 2016ರಲ್ಲಿ ಬ್ರಿಟನ್ನಿನ ಹದಿಹರೆಯದ ಹುಡುಗಿಯೊಬ್ಬಳು ಬ್ರೆಡ್ಡಿನ ಹಿಟ್ಟಿನೊಳಗೆ ಸೇರಿದ್ದ, ಲೇಬಲಿನಲ್ಲಿ ಬರೆಯದಿದ್ದ ಎಳ್ಳಿನಿಂದ ಸತ್ತಳು. ಅವಳ ಹೆಸರಿನಲ್ಲಿ 2021ರಲ್ಲಿ ಅಲ್ಲಿ ನತಾಶಾ ಕಾನೂನು ಬಂತು. ಅಮೆರಿಕ 2023ರ ಜನವರಿ 1ರಿಂದ ಎಳ್ಳನ್ನು ಒಂಬತ್ತನೆಯ ಪ್ರಮುಖ ಅಲರ್ಜಿಕಾರಕವೆಂದು ಲೇಬಲಿನಲ್ಲಿ ಬರೆಯಬೇಕೆಂದು ಕಡ್ಡಾಯ ಮಾಡಿತು. ನಮ್ಮ 2020ರ ಲೇಬಲ್ ನಿಯಮಗಳ ಅಲರ್ಜಿ ಪಟ್ಟಿಯಲ್ಲಿ ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ ಇವೆ. ಎಳ್ಳು ಇಲ್ಲ. ಚಟ್ನಿಪುಡಿ, ನಿಪ್ಪಟ್ಟು, ಚಕ್ಕುಲಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಎಲ್ಲದರಲ್ಲೂ ಎಳ್ಳು ತಿನ್ನುವ ನಾಡಿನ ಪಟ್ಟಿಯಲ್ಲಿ ಎಳ್ಳು ಮೊದಲು ಸೇರಬೇಕಿತ್ತು. ಆಹಾರ ಸುರಕ್ಷತೆಯ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಇದನ್ನು ಸರಿಪಡಿಸಲಿ. ಗಾಣದ ಎಣ್ಣೆಯನ್ನು ಹಾಡಿಹೊಗಳುವ ನಾನು ಇದನ್ನೂ ಹೇಳಬೇಕು: ರಿಫೈನ್ ಮಾಡದ ಎಳ್ಳೆಣ್ಣೆಯಲ್ಲಿ ಬೀಜದ ಪ್ರೋಟೀನು ಉಳಿದಿರುತ್ತದೆ, ಅಲರ್ಜಿ ಇರುವವರಿಗೆ ಅದು ಎಳ್ಳಿನಷ್ಟೇ ಅಪಾಯ.

ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಹೋದ ಮನೆಯ ತಾಯಿ ‘ನಮ್ಮ ಮಗುವಿಗೆ ಎಳ್ಳು ಆಗಿಬರುವುದಿಲ್ಲ’ ಎಂದರೆ, ಹಬ್ಬದ ದಿನ ಒಂದು ಕಾಳಾದರೂ ಬಾಯಿಗೆ ಹಾಕಿಕೊಳ್ಳಲಿ ಎಂದು ಒತ್ತಾಯಿಸಬೇಡಿ. ಮಿಶ್ರಣದಿಂದ ಎಳ್ಳು ಆರಿಸಿ ತೆಗೆದು ಬೆಲ್ಲ, ಕೊಬ್ಬರಿ ಮಾತ್ರ ಕೊಡುವುದೂ ಸಾಲದು, ಪುಡಿ ಅಂಟಿಯೇ ಇರುತ್ತದೆ. ಸಕ್ಕರೆ ಅಚ್ಚು, ಕಬ್ಬು, ಬಾಳೆಹಣ್ಣನ್ನು ಬೇರೆ ತಟ್ಟೆಯಲ್ಲಿ, ಎಳ್ಳು ಬೆರೆಸುವ ಮುಂಚೆಯೇ ತೆಗೆದಿಟ್ಟು ಕೊಂಡೊಯ್ಯಿರಿ.