ಒನಕೆಗಿಂತ ಮೊದಲು ಎದ್ದ ಬುದ್ಧಿ

ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿ, ಆನೆಗೂ ಜಗ್ಗದ ಬಾಗಿಲುಗಳನ್ನೂ ಬಂಡೆಯ ನೆತ್ತಿಯ ಬತೇರಿಗಳನ್ನೂ ನೋಡಿ ಬಂದ ಕಣ್ಣಿಗೆ ಓಬವ್ವನ ಕಿಂಡಿ ಏನೂ ಅಲ್ಲ. ಬಂಡೆಗಳ ನಡುವೆ ಒಂದು ಸಂದು, ಅಷ್ಟೆ. ಬಾಗಿ, ಮೈ ಕುಗ್ಗಿಸಿ, ಒಬ್ಬರ ಹಿಂದೆ ಒಬ್ಬರು ನುಸುಳಬೇಕು. ಹತ್ತಿರದಲ್ಲೇ ಬೇಸಿಗೆಯಲ್ಲೂ ಬತ್ತದ ತಣ್ಣೀರು ದೋಣಿ. ‘ಇಷ್ಟೇನಾ?’ ಎನ್ನುವ ಮಕ್ಕಳ ದನಿ ಅಲ್ಲಿ ಯಾವಾಗಲೂ ಕೇಳಿಸುತ್ತದೆ. ಇಷ್ಟೇ ಆಗಿದ್ದರಿಂದಲೇ ಓಬವ್ವ ಗೆದ್ದಳು. ಆ ಸಂದು ಇನ್ನೆರಡು ಮೊಳ ಅಗಲವಿದ್ದಿದ್ದರೆ ಅವಳ ಕಥೆ ನಮ್ಮವರೆಗೆ ಬರುತ್ತಿರಲಿಲ್ಲ.

ಚಿತ್ರದುರ್ಗದ ಆಚೆಯ ಬಹುಪಾಲು ಕನ್ನಡಿಗರಿಗೆ ಓಬವ್ವ ಸಿಕ್ಕಿದ್ದು ಪಠ್ಯದಿಂದಲ್ಲ, ಒಂದು ಸಿನಿಮಾ ಹಾಡಿನಿಂದ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರ ಕೊನೆಯಲ್ಲಿ ತೆರೆಗೆ ಬಂತು. ಚಿ. ಉದಯಶಂಕರ್ ಬರೆದು, ವಿಜಯಭಾಸ್ಕರ್ ರಾಗ ಹಾಕಿ, ಪಿ.ಬಿ. ಶ್ರೀನಿವಾಸ್ ಹಾಡಿ, ಜಯಂತಿ ಓಬವ್ವನಾಗಿ ಒನಕೆ ಹಿಡಿದ ಆ ಹಾಡು ಅರ್ಧ ಶತಮಾನದಿಂದ ಶಾಲಾ ವಾರ್ಷಿಕೋತ್ಸವಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ ಮೊಳಗುತ್ತಲೇ ಇದೆ. ಕಥೆ ಹೇಳುವ ಹಾಡುಗಳ ಸಾಲಿನಲ್ಲಿ ಅದಕ್ಕೆ ದೊಡ್ಡ ಜಾಗ ಸಲ್ಲಬೇಕು. ಆದರೂ ನನ್ನದೊಂದು ತಕರಾರಿದೆ. ಓಬವ್ವ ಗೆದ್ದದ್ದು ತಣ್ಣನೆಯ ಬುದ್ಧಿಯಿಂದ. ಹಾಡು ಆ ಗೆಲುವನ್ನು ಆವೇಶದ ಲೆಕ್ಕಕ್ಕೆ ಬರೆದಿದೆ. ನಾವು ಆ ಲೆಕ್ಕವನ್ನೇ ಒಪ್ಪಿಕೊಂಡು ಬಂದಿದ್ದೇವೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಕೊನೆಯ ಮದಕರಿ ನಾಯಕನ ಕಾಲ. ಹೈದರಾಲಿ 1760ರ ದಶಕದಿಂದಲೂ ದುರ್ಗದ ಮೇಲೆ ಕಣ್ಣಿಟ್ಟಿದ್ದ. ಕೋಟೆ ಮಾತ್ರ ಬಗ್ಗುತ್ತಿರಲಿಲ್ಲ. ಗೂಢಚಾರರು ಕಿಂಡಿಯ ಸುದ್ದಿ ತಂದರು. ಅಲ್ಲಿ ಕಾವಲಿದ್ದವನು ಕಹಳೆ ಮುದ್ದಹನುಮ. ಅವನು ಊಟಕ್ಕೆ ಕೂತಿದ್ದಾಗ ನೀರು ತರಲು ಹೋದ ಹೆಂಡತಿ ಓಬವ್ವನಿಗೆ ಬಂಡೆಯ ಸಂದಿನಿಂದ ಸದ್ದು ಕೇಳಿಸಿತು. ಒನಕೆ ತಂದು ಕಿಂಡಿಯ ಬಾಯಿಗೆ ನಿಂತಳು. ತಲೆ ತೂರಿಸಿದವನಿಗೆ ಏಟು ಹಾಕಿದಳು, ಹೆಣವನ್ನು ಪಕ್ಕಕ್ಕೆ ಎಳೆದಳು, ಮುಂದಿನ ತಲೆಗೆ ಕಾದಳು. ಗಂಡ ಬಂದು ನೋಡಿ ಕಹಳೆ ಊದುವ ಹೊತ್ತಿಗೆ ಹೆಣಗಳ ರಾಶಿಯೇ ಬಿದ್ದಿತ್ತು. ಜನರ ಬಾಯಿಂದ ಬಾಯಿಗೆ ಬಂದ ಕಥೆಯಾದ್ದರಿಂದ ಅವಳ ಸಾವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಕಿಂಡಿಯ ಬಾಯಲ್ಲಿ ಅವಳು ಮಾಡಿದ್ದನ್ನು ಹೇಳುವಾಗ ಮಾತ್ರ ಹೆಚ್ಚಿನ ವ್ಯತ್ಯಾಸವಿಲ್ಲ. ಜನ ಅಷ್ಟು ಜೋಪಾನವಾಗಿ ಉಳಿಸಿಕೊಂಡದ್ದು ಆ ಕ್ರಮವನ್ನು. ವಿಮರ್ಶೆ ಅಲ್ಲಿಂದಲೇ ಶುರುವಾಗಬೇಕು.

ಆ ಕ್ರಮದಲ್ಲಿ ಎಷ್ಟು ತೀರ್ಮಾನಗಳಿವೆ ನೋಡಿ. ಮೊದಲನೆಯದು, ಕೂಗದಿರುವುದು. ಕಳ್ಳನನ್ನು ಕಂಡರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಓಬವ್ವ ಕೂಗಿದ್ದರೆ ಒಳಗಿದ್ದವನು ನುಗ್ಗುತ್ತಿದ್ದ, ಹೊರಗಿದ್ದವರು ಬೇರೆ ದಾರಿ ಹುಡುಕುತ್ತಿದ್ದರು. ಎರಡನೆಯದು, ನಿಂತ ಜಾಗ. ನುಸುಳಿ ಬರುವವನ ಕೈಗಳು ನೆಲದ ಮೇಲಿರುತ್ತವೆ, ಕತ್ತಿ ಒರೆಯಲ್ಲಿರುತ್ತದೆ, ಎಲ್ಲಕ್ಕಿಂತ ಮೊದಲು ತಲೆ ಹೊರಬರುತ್ತದೆ. ಬಯಲಿನಲ್ಲಿ ಅವಳನ್ನು ಒಂದೇ ಏಟಿಗೆ ಮುಗಿಸಬಹುದಾಗಿದ್ದ ಸಿಪಾಯಿ ಆ ಗಳಿಗೆಯಲ್ಲಿ ಮಗುವಿನಷ್ಟು ನಿರಾಯುಧ. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು, ಹೆಣ ಎಳೆದು ಹಾಕಿದ್ದು. ಅದು ಅಲ್ಲೇ ಬಿದ್ದಿದ್ದರೆ ದಾರಿ ಕಟ್ಟಿಕೊಂಡು ಎರಡನೆಯವನಿಗೆ ಅನುಮಾನ ಬರುತ್ತಿತ್ತು. ದಾರಿ ತೆರವಾಗಿದ್ದರಿಂದ, ಮುಂದೆ ಹೋದವನು ಸುರಕ್ಷಿತವಾಗಿ ಒಳಗೆ ಸೇರಿದ ಎಂದೇ ಹಿಂದಿನವನು ನಂಬಿದ. ಓಬವ್ವ ಕೊಂದದ್ದು ಒಬ್ಬೊಬ್ಬರನ್ನು. ಮೋಸಗೊಳಿಸಿದ್ದು ಇಡೀ ಸಾಲನ್ನು. ಶತ್ರುವಿಗೆ ಸುದ್ದಿ ಮುಟ್ಟದ ಹಾಗೆ ನೋಡಿಕೊಂಡದ್ದು ಅವಳ ನಿಜವಾದ ರಣತಂತ್ರ. ಆವೇಶ ಬಂದವರಿಗೆ ಇಷ್ಟು ತಾಳ್ಮೆ ಇರುವುದಿಲ್ಲ.

ಆಯುಧದ ಮಾತೂ ಇಲ್ಲೇ ಬರಬೇಕು. ಕಿತ್ತೂರು ಚೆನ್ನಮ್ಮ, ಕೆಳದಿ ಚೆನ್ನಮ್ಮ, ಬೆಳವಡಿ ಮಲ್ಲಮ್ಮರ ಜೊತೆ ಓಬವ್ವನ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮಗೆ ರೂಢಿ. ಅವರು ಅರಸುಮನೆಯವರು, ಆಳಲು ಕಲಿತವರು. ಓಬವ್ವ ಛಲವಾದಿ ಸಮುದಾಯದ, ಕಾವಲುಗಾರನ ಮನೆಯ ಹೆಂಗಸು. ಅವಳ ಕೈ ಕಲಿತದ್ದು ಕುಟ್ಟುವುದನ್ನು. ಕುಟ್ಟಿದವರಿಗೆ ಗೊತ್ತು, ಅದು ಬರೀ ತೋಳಿನ ಕೆಲಸವಲ್ಲ. ಒನಕೆ ಪ್ರತಿ ಸಲವೂ ಒರಳಿನ ಬಾಯಿಗೇ ಬೀಳಬೇಕು, ಎತ್ತುವಾಗ ಉಸಿರು ಉಳಿಸಬೇಕು, ಎರಡು ಏಟಿನ ನಡುವೆ ಕೈಯಿಂದ ಕಾಳು ಸರಿಸಬೇಕು. ಕಿಂಡಿಯ ಮುಂದೆ ಓಬವ್ವ ಮಾಡಿದ್ದೂ ಇದನ್ನೇ: ಒಂದೇ ಬಾಯಿ, ಒಂದೇ ಗುರಿ, ಏಟಿನಿಂದ ಏಟಿಗೆ ಒಂದು ಸರಿಸುವಿಕೆ. ದಿನನಿತ್ಯದ ದುಡಿಮೆಯ ಲಯವೇ ಅವಳನ್ನು ಗಾಬರಿಯಿಂದ ಕಾಪಾಡಿತು. ಒನಕೆಯನ್ನು ಕೈಗೆ ಸಿಕ್ಕ ಆಯುಧವೆಂದಷ್ಟೇ ಓದುವವರು ಈ ಕಸುಬಿನ ಜಾಣ್ಮೆಯನ್ನು ಕಾಣುವುದಿಲ್ಲ.

ಇನ್ನು ಗಂಡನ ಊಟದ ಸಂಗತಿ. ಉಣ್ಣುತ್ತಿರುವ ಗಂಡನನ್ನು ಎಬ್ಬಿಸಬಾರದೆಂದು ಓಬವ್ವ ತಾನೇ ನಿಂತಳು ಎಂದು ಭಾಷಣಗಳಲ್ಲಿ ಹೇಳುವುದುಂಟು. ಕೇಳಲು ಹಿತವಾದ ವಿವರಣೆ. ಆದರೆ ಯುದ್ಧದ ನಿರ್ಧಾರವೊಂದನ್ನು ಅದು ಪತಿಭಕ್ತಿಯ ನೀತಿಪಾಠವಾಗಿ ಬದಲಿಸಿಬಿಡುತ್ತದೆ. ಅವನನ್ನು ಕರೆಯಲು ಓಡಿ ಹೋಗಿ ಬರುವಷ್ಟರಲ್ಲಿ ಎಷ್ಟು ಮಂದಿ ಒಳಗಿರುತ್ತಿದ್ದರು? ಕಿಂಡಿ ಬಿಟ್ಟು ಒಂದು ಹೆಜ್ಜೆ ಇಡುವಂತಿರಲಿಲ್ಲ. ಆ ಗಳಿಗೆಯಲ್ಲಿ ಕಾವಲುಗಾರ ಅವಳೇ. ಅಷ್ಟನ್ನು ಒಪ್ಪಿಕೊಂಡರೆ ಊಟದ ನೆಪ ಬೇಕಾಗುವುದಿಲ್ಲ.

ಈಗ ಹಾಡಿಗೆ ಬರೋಣ. ಅದರ ಗುಣ ದೊಡ್ಡದು. ಉದಯಶಂಕರ್ ಅವರದು ಲಾವಣಿಯ ಜಾಡು: ಮುತ್ತಿಗೆ, ಗೂಢಚಾರರು, ಕಳ್ಳಗಂಡಿ, ಊಟ, ನೀರು, ಒನಕೆ, ಕಹಳೆ ಎಂದು ಒಂದು ಎಳೆಯೂ ತಪ್ಪದೆ ಕಥೆ ಸಾಗುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ದನಿಯಲ್ಲಿ ಕಥೆಗಾರನ ಗಾಂಭೀರ್ಯವಿದೆ. ಪುಟ್ಟಣ್ಣ ಕೋಟೆಯ ಬಂಡೆಗಳನ್ನು ಬರಿಯ ಹಿನ್ನೆಲೆಯಾಗಿ ಬಿಡದೆ ಪಾತ್ರವನ್ನಾಗಿ ಮಾಡಿದರು. ಅಲ್ಲಿಯವರೆಗೆ ಸ್ಟುಡಿಯೋದ ಪರದೆ ಕೋಟೆಗಳಿಗೆ ಒಗ್ಗಿದ್ದ ಕಣ್ಣಿಗೆ ಅದೊಂದು ಹೊಸ ಅನುಭವ. ಅರಮನೆಯ ದಫ್ತರಗಳಿಗೆ ಸೇರದ ಒಬ್ಬ ಹೆಣ್ಣುಮಗಳನ್ನು ನಾಡಿನ ಮನೆಮಾತಾಗಿಸಿದ್ದು ಈ ಕೆಲವೇ ನಿಮಿಷಗಳು.

ತಕರಾರು ಇರುವುದು ಏಟಿನ ಗಳಿಗೆಯಲ್ಲಿ. ಅಲ್ಲಿಯವರೆಗೆ ಕಿವಿಗೊಟ್ಟು ಕೇಳುವ, ಯೋಚಿಸುವ ಹೆಣ್ಣು ಒನಕೆ ಎತ್ತಿದ ಕೂಡಲೇ ರಣಚಂಡಿಯಾಗಿಬಿಡುತ್ತಾಳೆ. ಜಯಂತಿಯವರ ಉರಿಗಣ್ಣು, ಏರುವ ವಾದ್ಯ, ಸಾಹಿತ್ಯದ ಉಪಮೆ ಎಲ್ಲವೂ ದೈವಾವೇಶದ ಕಡೆಗೇ ಎಳೆಯುತ್ತವೆ. ಏಟಿಗೆ ಸಿಕ್ಕ ಅಬ್ಬರ ಏಟುಗಳ ನಡುವಿನ ಕೆಲಸಕ್ಕೆ ಸಿಗುವುದಿಲ್ಲ. ಅವತಾರ ಅಂದ ಮೇಲೆ ಲೆಕ್ಕಾಚಾರ ಯಾಕೆ ಬೇಕು? ದೇವಿ ಗೆಲ್ಲುವುದು ದೇವಿಯಾದ್ದರಿಂದ. ಮನುಷ್ಯಳೊಬ್ಬಳು ಗೆಲ್ಲಬೇಕಾದರೆ ಬುದ್ಧಿ ಓಡಿಸಬೇಕು. ಆ ಶ್ರಮದ ಗೌರವವನ್ನು ಉಪಮೆ ಕಸಿದುಕೊಂಡಿತು.

ಹೀಗೇಕಾಯಿತು ಎನ್ನುವುದಕ್ಕೆ ಚಿತ್ರದೊಳಗೇ ಕಾರಣವಿದೆ. ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳಿಂದ ಹೆಣೆದ ‘ನಾಗರಹಾವು’ ರಾಮಾಚಾರಿಯ ಕಥೆ, ಮೂಗಿನ ತುದಿಯಲ್ಲೇ ಸಿಟ್ಟಿರುವ ದುರ್ಗದ ಹುಡುಗನ ಕಥೆ. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ತರಾಸು ಬೇಸರಪಟ್ಟರೆಂಬ ಮಾತು ಪ್ರಸಿದ್ಧ. ಓಬವ್ವನ ವಿಷಯದಲ್ಲಿ ಆದದ್ದು ಇದರ ತಿರುವು: ರಾಮಾಚಾರಿಯ ವಿಷ ಇಳಿದಿದ್ದರೆ ಇವಳಿಗೆ ವಿಷ ಏರಿತು. ದುರ್ಗದ ನೀರಿನ ಗುಣವೇ ರೋಷ ಎನ್ನುವ ಚಿತ್ರದ ಧಾಟಿಗೆ ಓಬವ್ವ ರೋಷದ ಮೂಲಮಾತೆಯಾಗಿ ಒದಗಿದಳು. ನಿಜಕ್ಕೆ ಅವಳು ರಾಮಾಚಾರಿಗೆ ತದ್ವಿರುದ್ಧ. ಅವನು ಮೊದಲು ಸಿಡಿದು ಆಮೇಲೆ ಯೋಚಿಸುವವನು. ಚಿತ್ರ ಈ ವೈರುಧ್ಯವನ್ನು ಬಳಸಿಕೊಂಡಿದ್ದರೆ ಹಾಡು ನಾಯಕನ ಮೇಲಿನ ಟೀಕೆಯೂ ಆಗಬಹುದಿತ್ತು.

ನನ್ನ ತಕರಾರಿಗೆ ಉತ್ತರವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ತಲೆಯ ಮೇಲೆ ತಲೆ ಒಡೆಯುವುದು ಬರೀ ಉಪಾಯದಿಂದ ಆಗುವ ಕೆಲಸವಲ್ಲ. ಯಾವುದೋ ಒಂದು ಉರಿ ಒಳಗೆ ಇರಲೇಬೇಕು. ಆ ಉರಿಗೆ ಜಯಂತಿ ಮೈಕೊಟ್ಟರು. ನನ್ನ ಮಾತು ಉರಿ ಇರಬಾರದಿತ್ತು ಎಂದಲ್ಲ, ಅದರ ಲಗಾಮು ಯಾರ ಕೈಯಲ್ಲಿತ್ತು ಎಂಬುದು ಕಾಣಬೇಕಿತ್ತು ಎಂದು.

ಬುದ್ಧಿಯನ್ನು ಆವೇಶ ಮರೆಮಾಡುವುದು ತೆರೆಯ ಮೇಲಷ್ಟೇ ಉಳಿದಿಲ್ಲ. ಚಿತ್ರದುರ್ಗದಲ್ಲಿ ಅವಳಿಗೆ ಪ್ರತಿಮೆಯಿದೆ, ಅವಳ ಹೆಸರಿನ ಕ್ರೀಡಾಂಗಣವಿದೆ. 2021ರಿಂದ ನವೆಂಬರ್ 11 ಸರ್ಕಾರಿ ಜಯಂತಿ. ಪೊಲೀಸ್ ಇಲಾಖೆಯ ‘ಓಬವ್ವ ಪಡೆ’ಗಳು, ವಸತಿ ಶಾಲೆಯ ಹುಡುಗಿಯರ ಆತ್ಮರಕ್ಷಣೆಯ ತರಬೇತಿ ಅವಳ ಹೆಸರನ್ನೇ ಹೊತ್ತಿವೆ. ಎಲ್ಲವೂ ಒಳ್ಳೆಯದೇ. ಆದರೆ ಪ್ರದರ್ಶನದ ದಿನ ಚಪ್ಪಾಳೆ ಬೀಳುವುದು ಹೆಂಚು ಒಡೆಯುವ ಮುಷ್ಟಿಗೆ, ಕಿರುಚಿ ಹಾರುವ ಒದೆತಕ್ಕೆ. ಮನೆಗೆ ನುಗ್ಗಿದವನ ಮುಂದೆ, ಕತ್ತಲ ಗಲ್ಲಿಯಲ್ಲಿ ಬೆನ್ನು ಹತ್ತಿದವನ ಮುಂದೆ ಹುಡುಗಿಗೆ ಮೊದಲು ಬೇಕಾಗುವುದು ಬೇರೆ: ಸದ್ದನ್ನು ಗುರುತಿಸುವ ಕಿವಿ, ಬಾಗಿಲೆಲ್ಲಿ ಕಿಟಕಿಯೆಲ್ಲಿ ಎಂಬ ಎಚ್ಚರ, ಎದುರಾಳಿಗೆ ಏನು ಗೊತ್ತಿದೆ ಏನು ಗೊತ್ತಿಲ್ಲ ಎಂಬ ಅಂದಾಜು, ಕೂಗಬೇಕಾದಲ್ಲಿ ಕೂಗುವ, ಬೇಡವಾದಲ್ಲಿ ಬಾಯಿ ಬಿಗಿಹಿಡಿಯುವ ವಿವೇಕ. ತೋಳ್ಬಲದಲ್ಲಿ ತನಗಿಂತ ಮೇಲಾದವನನ್ನು ತೋಳ್ಬಲದಿಂದಲೇ ಸೋಲಿಸು ಎನ್ನುವ ಪಾಠಕ್ಕೆ ಓಬವ್ವನ ಹೆಸರು ಒಪ್ಪುವುದಿಲ್ಲ. ಅವಳು ಕಾಳಗದ ಜಾಗವನ್ನೇ ತನಗೆ ಬೇಕಾದಲ್ಲಿ ಆರಿಸಿಕೊಂಡವಳು.

1779ರಲ್ಲಿ ಕೋಟೆ ಕಡೆಗೂ ಹೈದರನ ಕೈಸೇರಿತು, ಮದಕರಿ ನಾಯಕ ಶ್ರೀರಂಗಪಟ್ಟಣದ ಸೆರೆಗೆ ಹೋದ. ಓಬವ್ವನ ಗೆಲುವು ರಾಜ್ಯ ಉಳಿಸಿದ ಗೆಲುವಲ್ಲ. ಒಂದು ಕಿಂಡಿಯನ್ನು, ಒಂದು ಹೊತ್ತಿನ ಮಟ್ಟಿಗೆ, ಕೈಲಿದ್ದುದರಿಂದ ಕಾಯ್ದ ಗೆಲುವು. ಆ ಅಳತೆಯಲ್ಲಿ ಇಟ್ಟು ನೋಡಿದಾಗಲೇ ಅದು ನಮ್ಮ ಕೈಗೆ ಎಟುಕುತ್ತದೆ. ಚಂಡಿಯನ್ನು ಪೂಜಿಸಬಹುದು, ಅನುಸರಿಸಲಾಗದು. ನೀರಿಗೆ ಹೋದ ಹೆಂಗಸಿನಿಂದ ಕಲಿಯಬಹುದು. ಪುಟ್ಟಣ್ಣನವರ ಹಾಡು ಇನ್ನೂ ಐವತ್ತು ವರ್ಷ ಬಾಳಲಿ. ಅದನ್ನು ಮಕ್ಕಳಿಗೆ ಕಲಿಸುವವರು ಮಾತ್ರ ಹಾಡು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಲಿ: ಅವಳು ಹೆಣವನ್ನು ಪಕ್ಕಕ್ಕೆ ಎಳೆದದ್ದು ಯಾಕೆ? ಇದಕ್ಕೆ ಉತ್ತರ ಹೇಳಬಲ್ಲ ಮಗುವಿಗೆ ಓಬವ್ವ ಅರ್ಥವಾಗಿದ್ದಾಳೆ.