ಬಣ್ಣದ ಡಬ್ಬಿಯೂ ‘ಆರ್-20’ರ ಲೆಕ್ಕವೂ

ಕಳೆದ ಬೇಸಿಗೆಯಲ್ಲಿ ರಾಯಚೂರಿನಿಂದ ನನ್ನ ಅಕ್ಕ ಫೋನ್ ಮಾಡಿದ್ದರು. ಅವರದು ಒಂದೇ ಅಂತಸ್ತಿನ ಮನೆ. ಮೇಲೆ ಬರಿಯ ಆರ್‌ಸಿಸಿ ತಾರಸಿ. ಏಪ್ರಿಲ್ ಬಂತೆಂದರೆ ರಾತ್ರಿ ಹನ್ನೊಂದಾದರೂ ಸೂರಿನಿಂದ ಕಾವು ಇಳಿಯುತ್ತಲೇ ಇರುತ್ತದೆ. “ತಾರಸಿಗೆ ಬಳಿಯುವ ಬಣ್ಣ ಒಂದು ಬಂದದಂತ. ಆರ್-20 ಅಂತ ಕರಪತ್ರದಾಗ ಹಾಕ್ಯಾರ. ಹಚ್ಚಸಲೇನು, ನೀನೇ ಹೇಳು” ಎಂದರು.

ಕರಪತ್ರವನ್ನು ತರಿಸಿಕೊಂಡು ಓದಿದೆ. ಅದರಲ್ಲಿ ಬಣ್ಣದ ಉಷ್ಣವಾಹಕತೆ ಇರಲಿಲ್ಲ, ಲೇಪದ ದಪ್ಪ ಇರಲಿಲ್ಲ, 20 ಎಂಬ ಅಂಕಿಗೆ ಏಕಮಾನವೂ ಇರಲಿಲ್ಲ. ಏಕಮಾನವಿಲ್ಲದ ಉತ್ತರಕ್ಕೆ ತರಗತಿಯಲ್ಲಿ ನಾವು ಪೂರ್ಣ ಅಂಕ ಕೊಡುವುದಿಲ್ಲ. ಅಂಗಡಿಯಲ್ಲಿ ಮಾತ್ರ ಪೂರ್ಣ ಹಣ ಕೊಟ್ಟು ಬರುತ್ತೇವೆ. ಆದ್ದರಿಂದ ಈ ಅಂಕಿಯನ್ನೇ ಸ್ವಲ್ಪ ಪರೀಕ್ಷಿಸೋಣ.

ಅಂಕಿಯ ಅರ್ಥ

‘ಆರ್’ ಎಂದರೆ ಉಷ್ಣರೋಧ. ಒಂದು ಹಲಗೆಯ ದಪ್ಪವನ್ನು ಅದರ ಉಷ್ಣವಾಹಕತೆಯಿಂದ ಭಾಗಿಸಿದರೆ ದೊರೆಯುವುದೇ ಅದರ ಆರ್ ಮೌಲ್ಯ. ಎಸ್‌ಐ ಪದ್ಧತಿಯಲ್ಲಿ ಇದರ ಏಕಮಾನ ಚದರ ಮೀಟರ್-ಕೆಲ್ವಿನ್ ಪ್ರತಿ ವಾಟ್. ವಿದ್ಯುತ್ ಮಂಡಲದಲ್ಲಿ ಸರಣಿಯಲ್ಲಿಟ್ಟ ರೋಧಗಳನ್ನು ಕೂಡುವಂತೆ, ಒಂದರ ಮೇಲೊಂದು ಇರುವ ಪದರಗಳ ಆರ್ ಮೌಲ್ಯಗಳನ್ನೂ ಕೂಡಬಹುದು. ಒಟ್ಟು ಆರ್‌ನ ವಿಲೋಮವೇ ‘ಯು’ ಮೌಲ್ಯ. ಒಳಗೂ ಹೊರಗೂ ಒಂದು ಡಿಗ್ರಿ ತಾಪದ ಅಂತರವಿದ್ದಾಗ ಒಂದು ಚದರ ಮೀಟರ್ ಮೂಲಕ ಎಷ್ಟು ವಾಟ್ ಉಷ್ಣ ಹರಿಯುತ್ತದೆ ಎಂಬುದನ್ನು ಅದು ಹೇಳುತ್ತದೆ.

ಆರ್-13, ಆರ್-20, ಆರ್-38 ಎಂಬ ದೊಡ್ಡ ದೊಡ್ಡ ಅಂಕಿಗಳು ಅಮೆರಿಕದವು. ಅಲ್ಲಿ ಅಳತೆ ಇನ್ನೂ ಅಡಿ, ಫ್ಯಾರನ್‌ಹೀಟ್ ಮತ್ತು ಬಿಟಿಯುಗಳಲ್ಲೇ ನಡೆಯುತ್ತದೆ. ಅಮೆರಿಕದ ಅಂಕಿಯನ್ನು 5.68ರಿಂದ ಭಾಗಿಸಿದರೆ ನಮ್ಮ ಎಸ್‌ಐ ಅಂಕಿ ಸಿಗುತ್ತದೆ. ಹೀಗೆ ಆರ್-20 ಎಂದರೆ ಕೇವಲ 3.52. ಇದನ್ನು ತಿಳಿಯದೆ ಒಂದು ಕಂಪನಿಯ 20ನ್ನು ಇನ್ನೊಂದು ಕಂಪನಿಯ 3.5ರೊಡನೆ ಹೋಲಿಸಿದರೆ ಎರಡನೆಯದು ಕಳಪೆ ಎನಿಸುವುದು ಸಹಜ. ವಾಸ್ತವದಲ್ಲಿ ಅವೆರಡೂ ಸಮ.

ಬಣ್ಣಕ್ಕೆ ಇದು ಸಾಧ್ಯವೆ?

ಉಷ್ಣರೋಧ 3.52 ಆಗಬೇಕಾದರೆ ಸುಮಾರು ಐದೂವರೆ ಮೀಟರ್ ದಪ್ಪದ ಕಾಂಕ್ರೀಟ್ ಬೇಕು, ಇಲ್ಲವೆ ಸುಮಾರು 13 ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಬೇಕು. ಇಷ್ಟನ್ನು ಅರ್ಧ ಮಿಲಿಮೀಟರ್ ಬಣ್ಣ ಸಾಧಿಸಬೇಕಾದರೆ ಅದರ ಉಷ್ಣವಾಹಕತೆ 0.00014 ಇರಬೇಕು. ನಿಶ್ಚಲವಾದ ಗಾಳಿಯದು 0.026. ಅಂದರೆ ಆ ಬಣ್ಣ ಗಾಳಿಗಿಂತ ಸುಮಾರು 180 ಪಟ್ಟು ಒಳ್ಳೆಯ ನಿರೋಧಕವಾಗಿರಬೇಕು! ಪ್ರಯೋಗಾಲಯಗಳಿಗೆ ಗೊತ್ತಿರುವ ಅತ್ಯುತ್ತಮ ನಿರೋಧಕಗಳಲ್ಲೊಂದಾದ ಏರೋಜೆಲ್ ಕೂಡ ಗಾಳಿಯ ಎರಡು ಪಟ್ಟಿನ ಆಸುಪಾಸಿನಲ್ಲಷ್ಟೇ ಇದೆ.

ಇದು ನಮ್ಮೂರಿನ ಕರಪತ್ರಗಳ ದೋಷ ಮಾತ್ರವಲ್ಲ. ಆರ್ ಮೌಲ್ಯವನ್ನು ಹೇಗೆ ಅಳೆಯಬೇಕು, ಗ್ರಾಹಕನಿಗೆ ಹೇಗೆ ತಿಳಿಸಬೇಕು ಎಂಬುದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲೇ ನಿಯಮ ಮಾಡಿತು. ಆದರೂ 2020ರಲ್ಲಿ ಅದೇ ಆಯೋಗವು ಕಟ್ಟಡಗಳಿಗೆ ಬಳಿಯುವ ಬಣ್ಣಗಳಿಗೆ ಉತ್ಪ್ರೇಕ್ಷಿತ ಆರ್ ಮೌಲ್ಯ ಹೇಳಿಕೊಂಡ ಆರೋಪದ ಮೇಲೆ ನಾಲ್ಕು ಕಂಪನಿಗಳ ವಿರುದ್ಧ ನ್ಯಾಯಾಲಯಕ್ಕೆ ಹೋಗಬೇಕಾಯಿತು. ನಲವತ್ತು ವರ್ಷದ ನಿಯಮವಿರುವ ಕಡೆಯೇ ಹೀಗಾದರೆ, ಕರಪತ್ರವನ್ನು ಪ್ರಶ್ನಿಸುವ ಹೊಣೆ ಕೊಳ್ಳುವವರ ಮೇಲೂ ಇದೆ ಎಂದಾಯಿತು.

ಹಾಗಾದರೆ ಬಣ್ಣ ಬಳಿದ ಮನೆ ತಂಪಾಗುವುದು ಸುಳ್ಳೇ? ಅಲ್ಲ. ಇಲ್ಲಿಯೇ ವಿಷಯ ಸ್ವಾರಸ್ಯವಾಗುವುದು. ಬಿಳಿ ಬಣ್ಣ ಉಷ್ಣದ ಹರಿವನ್ನು ತಡೆಯುವುದಿಲ್ಲ. ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಅದು ಪ್ರತಿಫಲನದ ಗುಣ, ರೋಧದ ಗುಣವಲ್ಲ.

ಒಂದು ಸ್ಥೂಲ ಲೆಕ್ಕ ಮಾಡಿ ನೋಡಿ. 15 ಸೆಂಟಿಮೀಟರ್ ಕಾಂಕ್ರೀಟ್ ತಾರಸಿಯ ಆರ್ ಮೌಲ್ಯ ಸುಮಾರು 0.1. ಅದರ ಎರಡೂ ಮೈಗೆ ಅಂಟಿದ ಗಾಳಿಯ ತೆಳುಪದರಗಳ ರೋಧವನ್ನು ಕೂಡಿಸಿದರೆ ಒಟ್ಟು 0.3, ಯು ಮೌಲ್ಯ ಸುಮಾರು 3.3. ಹೊರಗಾಳಿಯ ತಾಪ 40 ಡಿಗ್ರಿ, ಒಳಗೆ 32 ಡಿಗ್ರಿ, ಬಿಸಿಲು ಚದರ ಮೀಟರಿಗೆ 900 ವಾಟ್ ಎಂದಿಟ್ಟುಕೊಳ್ಳಿ. ಬರಿಯ ಕಾಂಕ್ರೀಟ್ ಬಿಸಿಲಿನ ಸುಮಾರು ಶೇಕಡ 65ರಷ್ಟನ್ನು ಹೀರಿದಾಗ, ತಾರಸಿಯ ಪಾಲಿಗೆ ಹೊರಗಿನ ತಾಪ 63 ಡಿಗ್ರಿ ಇದ್ದಂತೆ. ಬಿಳಿ ಲೇಪ ಶೇಕಡ 25ರಷ್ಟನ್ನು ಮಾತ್ರ ಹೀರಿದರೆ 49 ಡಿಗ್ರಿ ಇದ್ದಂತೆ. ಆಗ ಒಳಗೆ ಹರಿಯುವ ಉಷ್ಣ ಚದರ ಮೀಟರಿಗೆ ಹೀಗಿರುತ್ತದೆ:

ಬರಿಯ ತಾರಸಿ: 102 ವಾಟ್
ಬಿಳಿ ಲೇಪ ಮಾತ್ರ: 56 ವಾಟ್
25 ಮಿಲಿಮೀಟರ್ ಥರ್ಮೋಕೋಲ್ ಮಾತ್ರ: 31 ವಾಟ್
ಎರಡೂ ಇದ್ದರೆ: 17 ವಾಟ್

ಆರ್ ಮೌಲ್ಯ ಸೊನ್ನೆಗೆ ಸಮೀಪವಿರುವ ಬಣ್ಣ ಹರಿವನ್ನು ಅರ್ಧದ ಹತ್ತಿರಕ್ಕೆ ಇಳಿಸಿತು. ಇದನ್ನು ಇದ್ದಂತೆಯೇ ಹೇಳಿ ಮಾರಿದ್ದರೆ ನನ್ನ ತಕರಾರಿರಲಿಲ್ಲ. ಬದಲಿಗೆ ಕಂಪನಿಯು ಆರ್-20 ಎಂದಿತು. ನಿಜವಾದ ಆರ್-20 ಆಗಿದ್ದರೆ ಹರಿವು ಎಂಟು ವಾಟ್‌ಗೆ ಇಳಿಯಬೇಕಿತ್ತು! ಜೊತೆಗೆ, ಬಿಸಿಲಿಲ್ಲದಾಗ ಬಣ್ಣಕ್ಕೆ ತಡೆಯಲು ಏನೂ ಇರುವುದಿಲ್ಲ; ಧೂಳು ಕೂತಂತೆ ಅದರ ಪ್ರತಿಫಲನವೂ ಕುಗ್ಗುತ್ತದೆ.

ನಿಜವಾದ ಅಂಕಿಯೂ ಹೇಳದ ಮಾತು

ಪ್ರಾಮಾಣಿಕವಾಗಿ ಅಳೆದ ಆರ್ ಮೌಲ್ಯಕ್ಕೂ ಮಿತಿಗಳಿವೆ. ಮೊದಲನೆಯದು, ಆರ್ ದುಪ್ಪಟ್ಟಾದರೆ ಲಾಭ ದುಪ್ಪಟ್ಟಾಗುವುದಿಲ್ಲ. ಮೇಲಿನ ತಾರಸಿಗೆ ಮೊದಲ 25 ಮಿಲಿಮೀಟರ್ ಥರ್ಮೋಕೋಲ್ ಹಾಕಿದಾಗ ಯು ಮೌಲ್ಯ 3.3ರಿಂದ 1.0ಕ್ಕೆ ಇಳಿಯುತ್ತದೆ. ಇನ್ನೊಂದು 25 ಮಿಲಿಮೀಟರ್ ಸೇರಿಸಿದರೆ ಸುಮಾರು 0.6ಕ್ಕೆ. ಮತ್ತೆ 50 ಮಿಲಿಮೀಟರ್ ಸೇರಿಸಿದರೆ 0.3ರ ಹತ್ತಿರಕ್ಕೆ. ಹೆಚ್ಚಿನ ಕೆಲಸವನ್ನು ಮೊದಲ ಪದರವೇ ಮಾಡಿ ಮುಗಿಸಿರುತ್ತದೆ. ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯು ಛಾವಣಿಗೆ ಇಟ್ಟ ಗರಿಷ್ಠ ಯು ಮೌಲ್ಯ 1.2. ಅದನ್ನು ಮುಟ್ಟಲು ನಮಗೆ ಅಮೆರಿಕದ ಹಿಮದ ನಾಡಿನ ಆರ್-38 ಬೇಕಿಲ್ಲ.

ಎರಡನೆಯದು, ಪ್ರಯೋಗಾಲಯದಲ್ಲಿ ಅಳೆಯುವುದು ಒಣಗಿದ, ಬಿರುಕಿಲ್ಲದ ತುಣುಕನ್ನು. ನೀರಿನ ವಾಹಕತೆ ಗಾಳಿಯ ಇಪ್ಪತ್ತಕ್ಕೂ ಹೆಚ್ಚು ಪಟ್ಟು. ಮಳೆನೀರು ಇಳಿದ ನಾರುಹಾಸಿನಲ್ಲಿ ಲೇಬಲ್‌ನ ಅಂಕಿ ಉಳಿಯುವುದಿಲ್ಲ. ಲೋಹದ ಚೌಕಟ್ಟಿನ ಗೋಡೆಯೂ ಹಾಗೆಯೇ: ಉಕ್ಕಿನ ಕಂಬಗಳ ನಡುವೆ ತುಂಬಿದ ಆರ್-13 ಹಾಸು ಒಟ್ಟಾರೆ ಆರ್-6ರಷ್ಟೇ ಕೆಲಸ ಮಾಡುವುದುಂಟು. ಉಷ್ಣವು ಉಕ್ಕಿನ ದಾರಿ ಹಿಡಿದು ದಾಟಿಬಿಡುತ್ತದೆ.

ಮೂರನೆಯದು ನಮ್ಮ ನಾಡಿಗೆ ಬಹು ಮುಖ್ಯ. ತಾಪ ಬದಲಾಗದ ಸ್ಥಿತಿಯಲ್ಲಿ ಅಳೆದ ಅಂಕಿ ಇದು. ನಮ್ಮ ಛಾವಣಿಯ ಮೇಲಾದರೋ ಬಿಸಿಲು ಏರಿ ಇಳಿಯುತ್ತದೆ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಯನ್ನೇ ನೋಡಿ. ಒಂದಡಿ ಮಣ್ಣಿನ ಆರ್ ಮೌಲ್ಯ 0.4ರ ಆಸುಪಾಸು, 15 ಮಿಲಿಮೀಟರ್ ಥರ್ಮೋಕೋಲ್‌ನಷ್ಟೇ. ಆದರೂ ಮಧ್ಯಾಹ್ನ ಒಳಗೆ ಕಾಲಿಟ್ಟರೆ ತಂಪು. ಆ ಭಾರವಾದ ಮಣ್ಣು ಕಾಯಲು ಹಲವು ಗಂಟೆ ಬೇಕು. ಅಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಈ ವಿಳಂಬ ಆರ್ ಮೌಲ್ಯದಲ್ಲಿ ಕಾಣುವುದೇ ಇಲ್ಲ. ಅದೇ ರೀತಿ ನಿರೋಧಕವನ್ನು ತಾರಸಿಯ ಮೇಲೆ ಹಾಕಿದರೂ ಕೆಳಗೆ ಹಾಕಿದರೂ ಒಟ್ಟು ಆರ್ ಒಂದೇ. ಆದರೆ ಮೇಲೆ ಹಾಕಿದರೆ ಕಾಂಕ್ರೀಟೇ ಬಿಸಿಲಿನಿಂದ ಪಾರಾಗುತ್ತದೆ. ರಾತ್ರಿ ಕಾವು ಸೂಸುವ ಒಲೆಯಾಗುವುದಿಲ್ಲ.

ಏನು ಕೇಳಬೇಕು?

ಹಣ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಈ ಅಂಕಿಯ ಏಕಮಾನ ಯಾವುದು? ಎಷ್ಟು ದಪ್ಪಕ್ಕೆ ಈ ಅಂಕಿ? ಯಾವ ಮಾನಕದಂತೆ, ಯಾವ ಪ್ರಯೋಗಾಲಯ ಅಳೆಯಿತು? ಉಷ್ಣವಾಹಕತೆ ಅಳೆಯಲು ನಮ್ಮಲ್ಲಿಯೇ ಐಎಸ್ 3346 ಎಂಬ ಮಾನಕವಿದೆ. ಕೊನೆಯದಾಗಿ, ನೆಂದರೆ ಅಥವಾ ಬೆಂಕಿ ತಗುಲಿದರೆ ಈ ಪದಾರ್ಥದ ಗತಿಯೇನು? ಬಣ್ಣವಾದರೆ ಆರ್ ಮೌಲ್ಯ ಕೇಳಲೇಬೇಡಿ. ಸೌರ ಪ್ರತಿಫಲನ ಎಷ್ಟು, ಮೂರು ವರ್ಷದ ನಂತರ ಎಷ್ಟು ಎಂದು ಕೇಳಿ.

ಅಕ್ಕನಿಗೂ ಇದನ್ನೇ ಹೇಳಿದೆ. ಅವರು ಆ ದುಬಾರಿ ಬಣ್ಣ ಬಿಟ್ಟು ತಾರಸಿಗೆ ಸುಣ್ಣ ಬಳಿಸಿದರು. ಮಳೆಗೆ ತೊಳೆದುಹೋಗುತ್ತದೆ, ವರ್ಷವರ್ಷವೂ ಬಳಿಯಬೇಕು, ನಿಜ. ಆದರೆ ಉಳಿದ ಹಣ ಅವರ ಕೈಯಲ್ಲೇ ಇದೆ. ತಾರಸಿಯ ನೀರು ಸೋರುವಿಕೆ ಸರಿಪಡಿಸುವಾಗ ಅದರ ಮೇಲೆ ಒಂದಿಂಚು ನಿರೋಧಕ ಹಲಗೆ ಹಾಸಿ ಗಾರೆ ಮಾಡಿಸುವ ಯೋಚನೆಯಲ್ಲಿದ್ದಾರೆ. ಹಲಗೆ ಮಾರುವವನನ್ನು ಅವರು ಮೊದಲು ಕೇಳಿದ ಪ್ರಶ್ನೆ: “ಇದರ ಏಕಮಾನ ಯಾವುದಪ್ಪಾ?”