ಹಂಗೆರಿಯ ಚಿತ್ರಗಳೂ ಉತ್ಸವದ ಕಣ್ಣೂ

ಹಂಗೆರಿಯ ಚಲಚ್ಚಿತ್ರದ ಇತಿಹಾಸವನ್ನು ಅದು ಗಳಿಸಿದ ಬಹುಮಾನಗಳ ಪಟ್ಟಿಯಿಂದಲೇ ನಿರೂಪಿಸುವ ಪದ್ಧತಿಯೊಂದು ರೂಢಿಯಾಗಿದೆ. 1971ರಲ್ಲಿ ಕಾರೊಯ್ ಮಕ್ ಅವರ ‘ಪ್ರೇಮ’ಕ್ಕೆ ಕಾನ್ ಉತ್ಸವದ ತೀರ್ಪುಗಾರರ ಬಹುಮಾನ, ಮರುವರ್ಷ ಅಲ್ಲಿಯೇ ಮಿಕ್ಲೋಷ್ ಯಾಂಚೋ ಅವರಿಗೆ ಶ್ರೇಷ್ಠ ನಿರ್ದೇಶಕರೆಂಬ ಮನ್ನಣೆ, 1975ರಲ್ಲಿ ಬರ್ಲಿನ್ನಿನ ಸುವರ್ಣ ಕರಡಿಯನ್ನು ಪಡೆದ ಮೊದಲ ಮಹಿಳೆಯೆಂಬ ಕೀರ್ತಿ ಮಾರ್ತಾ ಮೇಸಾರೋಷ್ ಅವರಿಗೆ. ಸುಮಾರು ಒಂದು ಕೋಟಿ ಜನರ ನಾಡಿಗೆ, ನೆರೆಯ ಭಾಷೆಗಳಾವುವೂ ಬಂಧುಗಳಲ್ಲದ ನುಡಿಗೆ, ಇದು ಅಲ್ಪವಾದ ಸಾಧನೆಯಲ್ಲ. ಆದರೆ ಉತ್ಸವದ ಕಣ್ಣಿಗೆ ಕಂಡುದೆಷ್ಟು, ಕಾಣದೆ ಹೋದುದೆಷ್ಟು ಎಂಬುದನ್ನು ವಿಮರ್ಶಕನು ಕೇಳಿಯೇ ತೀರಬೇಕು.

1966ರಲ್ಲಿ ಕಾನ್‌ನಲ್ಲಿ ಪ್ರದರ್ಶಿತವಾದ ಯಾಂಚೋ ಅವರ ಚಿತ್ರವನ್ನೇ ನೋಡೋಣ. ಇಂಗ್ಲಿಷಿನಲ್ಲಿ ಅದರ ಹೆಸರು ‘ರೌಂಡ್ ಅಪ್’, ಎಂದರೆ ಸುತ್ತುಗಟ್ಟಿ ಹಿಡಿಯುವುದು. ಮೂಲದ ಹೆಸರಿಗೆ ‘ಬಡ ಹುಡುಗರು’ ಎಂದು ಶಬ್ದಾರ್ಥ; ಹಂಗೆರಿಯ ಜನ ಕಾಡುಪಾಲಾದ ದರೋಡೆಗಾರರನ್ನು ಕನಿಕರದಿಂದ ಕರೆಯುತ್ತಿದ್ದ ಮಾತು ಅದು. ಮೂಲವು ಸೆರೆಯಾಳುಗಳನ್ನು ಹೆಸರಿಸಿದರೆ ಅನುವಾದವು ಸೆರೆಹಿಡಿದವರ ಕೆಲಸವನ್ನು ಹೆಸರಿಸುತ್ತದೆ! 1848–49ರ ಕ್ರಾಂತಿ ಅಡಗಿ ಇಪ್ಪತ್ತು ವರ್ಷಗಳಾದ ಮೇಲಿನ ಕಥೆ. ಬಟ್ಟಬಯಲಿನ ನಡುವೆ ಒಂದು ಬಂದಿಖಾನೆ. ತನಗಿಂತ ಹೆಚ್ಚು ಕೊಲೆ ಮಾಡಿದವನನ್ನು ತೋರಿಸಿಕೊಟ್ಟರೆ ನಿನ್ನ ತಲೆ ಉಳಿಯುತ್ತದೆಂದು ಒಬ್ಬನಿಗೆ ಆಸೆ ತೋರಿಸುತ್ತಾರೆ. ಕೊನೆಯಲ್ಲಿ ನಾಯಕ ಶಾಂದೋರ್ ರೋಜಾನಿಗೆ ಕ್ಷಮಾದಾನವೆಂಬ ಘೋಷಣೆ. ಅನುಯಾಯಿಗಳು ಹರ್ಷಧ್ವನಿ ಮಾಡುತ್ತಾರೆ. ಮರುವಾಕ್ಯದಲ್ಲಿಯೇ ಅವರೆಲ್ಲರಿಗೂ ಶಿಕ್ಷೆ.

ಹೊರಗಿನವರು ಇದರಲ್ಲಿ ಬಿಳಿಯ ಗೋಡೆ, ಕರಿಯ ನಿಲುವಂಗಿ, ಕುದುರೆಗಳ ಚಲನೆ ಇವುಗಳ ರೇಖಾಗಣಿತವನ್ನು ಮೆಚ್ಚಿದರು. ಮನೆಯ ಪ್ರೇಕ್ಷಕನು ಕಂಡುದು 1956ರ ದಂಗೆಯ ಬಳಿಕ ನಡೆದ ಸೇಡಿನ ವಿಚಾರಣೆಗಳನ್ನು. ಇತ್ತೀಚಿನ ಘಟನೆಗಳಿಗೂ ಚಿತ್ರಕ್ಕೂ ಸಂಬಂಧವಿಲ್ಲವೆಂದು ಯಾಂಚೋ ಕಾನ್‌ಗೆ ಮುನ್ನ ಘೋಷಿಸಬೇಕಾಯಿತು. ಅದು ನಿಜವಲ್ಲವೆಂಬುದು ಎಲ್ಲರಿಗೂ ತಿಳಿದಿತ್ತೆಂದು ಮುಂದೆ ಅವರೇ ಹೇಳಿದರು. ರೂಪವನ್ನು ಮೆಚ್ಚಿದುದು ತಪ್ಪಲ್ಲ. ಆದರೆ ಆ ಕ್ಯಾಮರಾದ ತಣ್ಣನೆಯ ದೃಷ್ಟಿ ಕಾವಲುಗಾರನ ದೃಷ್ಟಿಯೆಂಬುದನ್ನು ಬಿಟ್ಟರೆ ರೂಪವೂ ಅರ್ಧವೇ ದಕ್ಕಿದಂತೆ.

ಪೇತೆರ್ ಬಾಚೋ ಅವರ ‘ಸಾಕ್ಷಿ’ಯ ಗತಿ ಬೇರೆಯಾಯಿತು. 1969ರಲ್ಲಿ ಸಿದ್ಧವಾದ ಈ ಚಿತ್ರ ಮನೆಯವರಿಗೆ ತೀರ ಚೆನ್ನಾಗಿ ಅರ್ಥವಾಗುವಂತಹುದು. ಆದುದರಿಂದಲೇ ಹತ್ತು ವರ್ಷ ಪೆಟ್ಟಿಗೆಯಲ್ಲಿ ಉಳಿಯಿತು. ಡ್ಯಾನ್ಯೂಬ್ ನದಿಯ ಒಡ್ಡು ಕಾಯುವ ಪೆಲಿಕಾನ್ ಎಂಬ ಸಾಧು ಮನುಷ್ಯನು ಮಿತ್ರನ ಮೇಲೆ ಸುಳ್ಳುಸಾಕ್ಷ್ಯ ನುಡಿಯಬೇಕಾಗುತ್ತದೆ. ಅವನ ಹೇಳಿಕೆಯೆಂದು ಕೈಗಿತ್ತ ಕಾಗದದಲ್ಲಿ ಇರುವುದು ಆಗಲೇ ಬರೆದಿಟ್ಟ ತೀರ್ಪು. ದೇಶದ ಮೊದಲ ಕಿತ್ತಳೆಯ ಸಮಾರಂಭಕ್ಕೆ ಕಿತ್ತಳೆಯೇ ಇಲ್ಲವಾದಾಗ ನಿಂಬೆಯನ್ನೇ ಕಿತ್ತಳೆಯೆಂದು ಒಪ್ಪಿಸುವ ಪ್ರಸಂಗವಂತೂ ಮರೆಯಲಾಗದುದು.

ಈ ನಗೆಯಲ್ಲಿ ಬಹುಭಾಗ ಮಾತಿನ ಧಾಟಿಯಲ್ಲಿದೆ. ಅಡಿಬರಹವನ್ನು ನಂಬಿ ನೋಡಿದ ನನಗೂ ಅದೆಷ್ಟೋ ತಪ್ಪಿಹೋಗಿರಬೇಕು. ಕನ್ನಡದ ಒಂದು ನಗೆಮಾತನ್ನು ನೆರೆಮನೆಯವರಿಗೆ ಬಿಡಿಸಿ ಹೇಳಹೋಗಿ ಸೋತ ಅನುಭವ ಹೊರನಾಡಿನಲ್ಲಿರುವ ನಮಗೆ ಹೊಸದೇನಲ್ಲ. ಮಾತು ಕಡಿಮೆಯಿದ್ದ ಚಿತ್ರಕ್ಕೆ ಗಡಿ ದಾಟುವುದು ಸುಲಭವಾಯಿತೆಂದರೆ ಅದು ಹೆಚ್ಚಿನದೆಂದು ಅರ್ಥವಲ್ಲ. ‘ಸಾಕ್ಷಿ’ ಕಾನ್‌ಗೆ ಬಂದುದು 1981ರಲ್ಲಿ, ಅದೂ ಸ್ಪರ್ಧೆಯ ಹೊರಗೆ. ಅಷ್ಟರಲ್ಲಿ ಹಂಗೆರಿಯ ಚಿತ್ರವೆಂದರೆ ಬಯಲು, ಕುದುರೆ, ಮೌನ ಎಂಬ ಅಭಿಪ್ರಾಯ ಹೊರಗೆ ಬೇರೂರಿಬಿಟ್ಟಿತ್ತು.